ಕೊಂಕಣಿಗೆ ಮರುಜೀವ ನೀಡಿದ ಶೆಣೈ ಗೊಂಯಬಾಬ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಆಲೂರು ವೆಂಕಟರಾಯರನ್ನೋ ಡೆಪ್ಯುಟಿ ಚನ್ನಬಸಪ್ಪನವರನ್ನೋ ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ಆ ಇಬ್ಬರೂ ನಮಗೆ ಪೂಜ್ಯರೇ. ಆದರೆ ನಾವು ಅನ್ನ ಉಣ್ಣುತ್ತಿರುವುದು ಗೋವೆಯ ನೆಲದಲ್ಲಿ. ಈ ನೆಲದ ನುಡಿ ಒಂದು ಕಾಲಕ್ಕೆ ಶಾಲೆಯಿಂದಲೂ ಬರವಣಿಗೆಯಿಂದಲೂ ಹೊರದೂಡಲ್ಪಟ್ಟು ಮತ್ತೆ ಎದ್ದು ನಿಂತ ವೃತ್ತಾಂತ ನಮ್ಮ ಮಕ್ಕಳಿಗೆ ತಿಳಿದಿರುವುದು ಯುಕ್ತ. ಆ ಕಾರಣದಿಂದ ವಾಮನ ರಘುನಾಥ ವರ್ದೆ ವಾಲಾವಲೀಕರರ ಜೀವನವನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಶೆಣೈ ಗೊಂಯಬಾಬ ಎಂಬುದು ಅವರ ಲೇಖನನಾಮ. ಅಂದಿನ ಗೋವೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವನನ್ನು ಶೆಣೈಮಾಮ ಎನ್ನುತ್ತಿದ್ದರು. ಬಾಬ ಎಂಬುದು ಗೌರವದ ಮಾತು. ಜೀವನವೆಲ್ಲ ಸೀಮೆಸುಣ್ಣ ಹಿಡಿದ ನನಗೆ ಆ ಹೆಸರಿನ ಮೇಲೆ ತುಸು ಹೆಚ್ಚಿನ ಅಭಿಮಾನವಿದ್ದರೆ ವಾಚಕರು ಕ್ಷಮಿಸಬೇಕು.

ಅವರು ಹುಟ್ಟಿದ್ದು 1877ರ ಜೂನ್ 23ರಂದು, ಬಿಚೋಲಿಯಲ್ಲಿ. ಆಗಿನ ಗೋವೆಯ ಭಾಷಾಸ್ಥಿತಿಯನ್ನು ಅರಿಯದೆ ಅವರ ಕಾರ್ಯದ ಬೆಲೆ ತಿಳಿಯದು. ಪೋರ್ಚುಗೀಸರ ಆಳ್ವಿಕೆಯ ಆರಂಭದಲ್ಲಿ ಪಾದ್ರಿಗಳು ಮತಪ್ರಸಾರಕ್ಕಾಗಿಯಾದರೂ ಕೊಂಕಣಿಯನ್ನು ಶ್ರದ್ಧೆಯಿಂದ ಕಲಿತರು. ಇಂಗ್ಲೆಂಡಿನಿಂದ ಬಂದ ಥಾಮಸ್ ಸ್ಟೀಫನ್ಸ್ ಎಂಬ ಪಾದ್ರಿ ಬರೆದ ಕೊಂಕಣಿ ವ್ಯಾಕರಣ ಅವನ ಮರಣಾನಂತರ 1640ರಲ್ಲಿ ರಾಯತೂರಿನಲ್ಲಿ ಅಚ್ಚಾಯಿತು. ಆ ಗ್ರಂಥದ ಶೀರ್ಷಿಕೆಯಲ್ಲಿ ಕೊಂಕಣಿಗೆ ಕೊಟ್ಟಿರುವ ಹೆಸರು ಕನಾರಿಂ! ನಮ್ಮ ಹೆಸರನ್ನು ಪೋರ್ಚುಗೀಸರು ಕೊಂಕಣಿಗೆ ಅಂಟಿಸಿದ್ದರು. ಇದರಲ್ಲಿ ತಪ್ಪು ತಿಳಿವಳಿಕೆಯಿದ್ದರೂ ನಂಟು ಸುಳ್ಳಲ್ಲ. ಗೋವೆಯ ಹಳೆಯ ಲೆಕ್ಕಪತ್ರಗಳನ್ನು ಬರೆಯುತ್ತಿದ್ದ ಗೋಯ್ಕಾನಡಿ ಲಿಪಿ ನಮ್ಮ ಕನ್ನಡ ಲಿಪಿಯ ಹತ್ತಿರದ ಬಂಧುವೇ ಆಗಿದೆ.

ಆ ಆದರ ಬಹುಕಾಲ ಉಳಿಯಲಿಲ್ಲ. 1684ರ ಜೂನ್ 27ರಂದು ವೈಸರಾಯ್ ಅಲ್ವೋರನು, ಜನರು ಮೂರು ವರ್ಷಗಳೊಳಗೆ ತಮ್ಮ ನುಡಿಯನ್ನು ಬಿಟ್ಟು ಪೋರ್ಚುಗೀಸ್ ಭಾಷೆಯನ್ನು ಕಲಿಯತಕ್ಕದ್ದೆಂದು ಕಟ್ಟಪ್ಪಣೆ ಹೊರಡಿಸಿದನು. ಆಜ್ಞೆಯಿಂದ ಮಾತು ಸಾಯಲಿಲ್ಲ. ಆದರೆ ಅದರ ಮಾನ ಹೋಯಿತು. ಸುಶಿಕ್ಷಿತ ಕ್ರೈಸ್ತರು ಪೋರ್ಚುಗೀಸಿನತ್ತ ತಿರುಗಿದರು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪೋರ್ಚುಗೀಸರ ಕೈಸೇರಿದ ಬಿಚೋಲಿಯಂಥ ಪ್ರದೇಶಗಳ ಹಿಂದೂಗಳು ಓದುಬರಹಕ್ಕೆ ಮರಾಠಿಯನ್ನು ಅವಲಂಬಿಸಿದರು. ಹೀಗೆ ಮನೆಯಲ್ಲಿ ಎಲ್ಲರೂ ಆಡುವ ನುಡಿಯನ್ನು ಮನೆಯ ಹೊರಗೆ ಯಾರೂ ತಮ್ಮದೆನ್ನದಂತಾಯಿತು. ಬಾಲಕ ವಾಮನನೂ ಮರಾಠಿಯಲ್ಲಿ ಓದಿ, ಪೋರ್ಚುಗೀಸ್ ಕಲಿತು, 1893ರಲ್ಲಿ ಹದಿನಾರನೆಯ ವಯಸ್ಸಿಗೆ ಮುಂಬಯಿ ಸೇರಿದನು.

ಅಲ್ಲಿ ಅವರು ಕಂಡದ್ದು ಅವರ ಜೀವನದ ದಿಕ್ಕನ್ನೇ ಬದಲಿಸಿತು. ಹೊಟ್ಟೆಪಾಡಿಗಾಗಿ ಬಂದ ಸಾವಿರಾರು ಗೋವೆಯವರು ಆ ನಗರದಲ್ಲಿದ್ದರು. ಅವರಲ್ಲಿ ಬಡ ಕ್ರೈಸ್ತರು ರೋಮನ್ ಲಿಪಿಯಲ್ಲಿ ಕೊಂಕಣಿ ಪತ್ರಿಕೆಗಳನ್ನು ಓದುತ್ತಿದ್ದರು. 1892ರಲ್ಲಿ ಅಲ್ಲಿಯೇ ತಿಯಾತ್ರ್ ಎಂಬ ಕೊಂಕಣಿ ರಂಗಭೂಮಿಯನ್ನೂ ಆರಂಭಿಸಿದ್ದರು. ಆದರೆ ವಿದ್ಯಾವಂತ ಹಿಂದೂಗಳಿಗೆ ಕೊಂಕಣಿಯೆಂದರೆ ನಾಚಿಕೆ. ಅದು ಮರಾಠಿಯ ಒರಟು ಉಪಭಾಷೆ, ಆಳುಕಾಳುಗಳ ಮಾತು ಎಂಬ ಭಾವನೆ ಬೇರೂರಿತ್ತು. ವಾಮನರಾಯರು ನಾನಾ ಉದ್ಯೋಗಗಳನ್ನು ಮಾಡಿದರು. ಇಟಲಿಯ ಕಾನ್ಸುಲೇಟ್ ಕಚೇರಿಯಲ್ಲಿಯೂ ಕೆಲಸ ಮಾಡಿದರು. ಅಧಿಕಾರವಿಲ್ಲ, ಸಂಪತ್ತಿಲ್ಲ, ಬೆನ್ನಿಗೆ ಸಂಸ್ಥೆಯಿಲ್ಲ. ಇಂಥವರು ಒಂದು ಭಾಷೆಯನ್ನು ಎತ್ತಿ ನಿಲ್ಲಿಸಲು ಹೊರಟರು.

ಅವರಿಗಿಂತ ಮೊದಲು ಈ ವಿಚಾರವನ್ನು ಯಾರೂ ಎತ್ತಿರಲಿಲ್ಲವೆಂದಲ್ಲ. 1858ರಲ್ಲಿಯೇ ಕುನ್ಯಾ ರಿವಾರಾ ಎಂಬ ಪೋರ್ಚುಗೀಸ್ ವಿದ್ವಾಂಸನು ಕೊಂಕಣಿಯ ಇತಿಹಾಸವನ್ನು ಬರೆದು, ಅದನ್ನು ಉದ್ಧರಿಸಬೇಕೆಂದು ಗೋವೆಯ ತರುಣರನ್ನು ಪ್ರೇರೇಪಿಸಿದ್ದನು. ಶೆಣೈ ಗೊಂಯಬಾಬರ ವೈಶಿಷ್ಟ್ಯವೆಂದರೆ, ಕೊಂಕಣಿಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಅವರು ಬರಿಯ ವಾದದಿಂದಲ್ಲ, ಪುಸ್ತಕಗಳಿಂದ ಉತ್ತರ ಕೊಟ್ಟದ್ದು. ವ್ಯಾಕರಣವಿಲ್ಲವೆಂದರೆ ವ್ಯಾಕರಣ ಬರೆದರು. ಮಕ್ಕಳು ಕಲಿಯುವುದು ಹೇಗೆಂದರೆ ಮೊದಲ ಪಾಠದ ಪುಸ್ತಕವನ್ನೂ ಭುರ್ಗ್ಯಾಂಲೊ ಇಷ್ಟ್ ಎಂಬ ಬಾಲಪುಸ್ತಕವನ್ನೂ ರಚಿಸಿದರು. ಗೋಮಂತೋಪನಿಷತ್ ಎಂಬ ಹೆಸರಿನಲ್ಲಿ ಸಣ್ಣಕಥೆಗಳನ್ನು ಹೊರತಂದರು. ಭಗವದ್ಗೀತೆಯನ್ನು ಅನುವಾದಿಸಿದರು, ಫ್ರೆಂಚ್ ನಾಟಕಕಾರ ಮೋಲಿಯೇರನನ್ನು ಕೊಂಕಣಿ ರಂಗಕ್ಕೆ ತಂದರು, ಸಂಮೋಹನ ವಿದ್ಯೆಗೆ ಹೆಸರಾದ ಗೋವೆಯ ಅಬ್ಬೆ ಫಾರಿಯಾನ ಚರಿತ್ರೆ ಬರೆದರು. 1930ರಲ್ಲಿ ಬಂದ ಕೊಂಕಣಿ ಭಾಷೆಚೆಂ ಜೈತ್ ಎಂಬ ಗ್ರಂಥ ಕೊಂಕಣಿಯ ಸ್ವತಂತ್ರ ಅಸ್ತಿತ್ವವನ್ನು ಪ್ರತಿಪಾದಿಸಿತು. ಕೊಂಡು ಓದುವವರು ಎಷ್ಟು ಮಂದಿ ಎಂಬ ಚಿಂತೆಯನ್ನು ಅವರು ಮಾಡಿದಂತೆ ಕಾಣುವುದಿಲ್ಲ.

ನನಗೆ ಎಲ್ಲಕ್ಕಿಂತ ಆತ್ಮೀಯವಾದುದು 1928ರಲ್ಲಿ ಪ್ರಕಟವಾದ ಗೊಂಯ್ಕಾರಾಂಚಿ ಗೊಂಯಾಭಾಯ್ಲಿ ವಸ್ಣೂಕ್ ಎಂಬ ಗ್ರಂಥದ ವಿಷಯ. ಅದು ಗೋವೆಯನ್ನು ಬಿಟ್ಟು ಹೊರಗೆ ನೆಲೆಸಿದ ಗೋವೆಯವರ ಇತಿಹಾಸ. ಮತಾಂತರದ ಭಯದಿಂದಲೂ ಹಸಿವಿನಿಂದಲೂ ಊರು ಬಿಟ್ಟವರು ದಕ್ಷಿಣಕ್ಕೆ ನಡೆದು ಕಾರವಾರ, ಕುಮಟಾ, ಮಂಗಳೂರು, ಕೊಚ್ಚಿಯವರೆಗೆ ಹರಡಿಕೊಂಡರು. ಹೋದಲ್ಲಿ ಅಲ್ಲಿಯ ಭಾಷೆ ಕಲಿತರು, ಮನೆಯಲ್ಲಿ ತಮ್ಮದನ್ನು ಉಳಿಸಿಕೊಂಡರು. ಅವರಲ್ಲಿ ಅನೇಕರಿಗೆ ಕನ್ನಡ ನಾಡೇ ಆಶ್ರಯ ಕೊಟ್ಟಿತು. ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ಬಂದವರು ನಾವು.

ಅವರ ಸಮಕಾಲೀನ ಪ್ರಯತ್ನವೊಂದು ನಡೆದುದೂ ಕನ್ನಡದ ನೆಲದಲ್ಲೇ. 1939ರಲ್ಲಿ ಮಾಧವ ಮಂಜುನಾಥ ಶಾನಭಾಗರು ಕಾರವಾರದಲ್ಲಿ ಮೊದಲ ಕೊಂಕಣಿ ಪರಿಷತ್ತನ್ನು ಕೂಡಿಸಿದರು. ಬೇರೆ ಬೇರೆ ಲಿಪಿಗಳಲ್ಲಿ ಬರೆಯುತ್ತ, ಬೇರೆ ಬೇರೆ ಮತಗಳನ್ನು ಅನುಸರಿಸುತ್ತ ಚದುರಿಹೋಗಿದ್ದ ಜನಕ್ಕೆ ಅದೊಂದು ವೇದಿಕೆಯಾಯಿತು.

ಗೊಂಯಬಾಬರ ಎಲ್ಲ ನಿಲುವುಗಳನ್ನೂ ನಾನು ಒಪ್ಪುವೆನೆಂದು ಹೇಳಲಾರೆ. ಮರಾಠಿಯ ವಿಷಯದಲ್ಲಿ ಅವರ ಲೇಖನಿ ಕಟುವಾಗಿತ್ತು. ಶತಮಾನಗಳ ಕಾಲ ಗೋವೆಯ ಹಿಂದೂಗಳಿಗೆ ಭಕ್ತಿಯ ಹಾಡನ್ನೂ ಅಕ್ಷರವನ್ನೂ ಕೊಟ್ಟ ಭಾಷೆ ಮರಾಠಿ. ಆ ಋಣ ಸಣ್ಣದಲ್ಲ. ಅವರು ಹಿಡಿದ ದೇವನಾಗರಿ ಲಿಪಿ ಮುಂದೆ ಕಾನೂನಿನ ಲಿಪಿಯಾದಾಗ, ಕಷ್ಟಕಾಲದಲ್ಲಿ ರೋಮನ್ ಲಿಪಿಯಿಂದ ಕೊಂಕಣಿಯನ್ನು ಕಾಪಾಡಿದ ಕ್ರೈಸ್ತ ಬಾಂಧವರ ಮನ ನೊಂದದ್ದೂ ನಿಜ.

1946ರ ಏಪ್ರಿಲ್ 9ರಂದು ಅವರು ಮುಂಬಯಿಯಲ್ಲಿ ನಿಧನರಾದಾಗ ಗೋವೆ ಇನ್ನೂ ಪರಾಧೀನವಾಗಿತ್ತು. ಹಲವು ಕೃತಿಗಳು ಅವರು ತೀರಿಕೊಂಡ ಮೇಲೆ ಅಚ್ಚಾದವು. ಫಲ ಬಂದದ್ದು ನಿಧಾನವಾಗಿ. 1961ರ ಡಿಸೆಂಬರಿನಲ್ಲಿ ವಿಮೋಚನೆ. 1967ರ ಜನವರಿ 16ರ ಜನಮತಗಣನೆಯಲ್ಲಿ ಮಹಾರಾಷ್ಟ್ರದೊಡನೆ ವಿಲೀನಕ್ಕೆ ತಿರಸ್ಕಾರ. 1975ರಲ್ಲಿ ಸಾಹಿತ್ಯ ಅಕಾಡೆಮಿಯ ಮಾನ್ಯತೆ. 1987ರಲ್ಲಿ ರಾಜಭಾಷೆಯ ಪಟ್ಟ. 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ. ಅವರ ಹಾದಿಯಲ್ಲೇ ನಡೆದ ರವೀಂದ್ರ ಕೇಳೇಕರರಿಗೆ 2006ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು.

ಶಾಲೆಯ ಮಾತು ಬೇರೆ. 1990ರಲ್ಲಿ ಗೋವಾ ಸರ್ಕಾರ ಪ್ರಾದೇಶಿಕ ಭಾಷೆಗಳಲ್ಲಿ ಕಲಿಸುವ ಪ್ರಾಥಮಿಕ ಶಾಲೆಗಳಿಗೆ ಮಾತ್ರ ಅನುದಾನವೆಂದು ನಿರ್ಣಯಿಸಿದಾಗ ಅನೇಕ ಶಾಲೆಗಳು ಕೊಂಕಣಿ ಮಾಧ್ಯಮಕ್ಕೆ ಬಂದವು. ತಂದೆತಾಯಿಗಳ ಒತ್ತಾಯದಿಂದ 2011ರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೂ ಅನುದಾನದ ಬಾಗಿಲು ತೆರೆಯಿತು. ವಿಜಾಪುರ, ಬಾಗಲಕೋಟೆ, ಗದಗಗಳಿಂದ ದುಡಿಯಲು ಬಂದ ನಮ್ಮ ಪಾಲಕರೂ, ಕನ್ನಡ ಕಲಿತು ಮಗು ಏನು ಮಾಡೀತೆಂದು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ನೂರು ವರ್ಷಗಳ ಹಿಂದೆ ಮುಂಬಯಿಯ ಗೋವೆಯವರು ಕೇಳುತ್ತಿದ್ದ ಪ್ರಶ್ನೆಯೂ ಇದೇ.

ಗೊಂಯಬಾಬರ ಪುಣ್ಯತಿಥಿಯಾದ ಏಪ್ರಿಲ್ 9ನ್ನು ಕೊಂಕಣಿಗರು ವಿಶ್ವ ಕೊಂಕಣಿ ದಿನವೆಂದು ಆಚರಿಸುತ್ತಾರೆ. ನಮ್ಮ ಶಾಲೆಯಲ್ಲಿಯೂ ಆ ದಿನ ಕನ್ನಡ ಮಕ್ಕಳಿಗೆ ಅವರ ಜೀವನವನ್ನು ಕನ್ನಡದಲ್ಲಿ ಹೇಳುವ ಪರಿಪಾಠ ಬರಬೇಕೆಂದು ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ. ಆಟದ ಬಯಲಿನಲ್ಲಿ ಆ ಮಕ್ಕಳು ಕೊಂಕಣಿಯನ್ನು ಹೇಗೂ ಆಡುತ್ತಾರೆ.