ಮೇಷ್ಟ್ರು ನಡೆಸಿದ ಪತ್ರಿಕೆ

ಈ ವರ್ಷ ಕನ್ನಡ ಶಾಲೆ ಮುಗಿಸುತ್ತಿರುವ ಮಕ್ಕಳಿಗೆ ನಾನು ಕೊನೆಯದಾಗಿ ಮಾಡಿದ ಪಾಠ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರ ಬದುಕು. ಅವರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಚಳಿಗಾಲದಲ್ಲಿ ಒಂದು ಅಂಗಡಿಯ ತಿಂಡಿ ತಿಂದು ಕೆಲವರಿಗೆ ಕಾಯಿಲೆಯಾಯಿತೆಂಬ ಸುದ್ದಿ ನನ್ನ ಫೋನಿಗೆ ಬಂತು. ಹಿಂದೆಮುಂದೆ ನೋಡದೆ ಪೋಷಕರ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟೆ. ಸುದ್ದಿ ಸುಳ್ಳು. ಆ ಅಂಗಡಿಯವರ ಮಗಳು ನನ್ನ ತರಗತಿಯಲ್ಲೇ ಇದ್ದಳು. ಮುಂದಿನ ವಾರ ಬಂದವಳು, ಇದನ್ನು ನಿಮಗೆ ಯಾರು ಹೇಳಿದರು ಎಂದಷ್ಟೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ವೆಂಕಟಕೃಷ್ಣಯ್ಯನವರು ಹುಟ್ಟಿದ್ದು 1844ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಮಗ್ಗೆಯಲ್ಲಿ. ಓದಿ ಮೇಷ್ಟ್ರಾದರು. ಮೈಸೂರಿನ ಮರಿಮಲ್ಲಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಬಹುಕಾಲ ದುಡಿದರು. ದಿಕ್ಕಿಲ್ಲದ ಮಕ್ಕಳಿಗಾಗಿ ಅನಾಥಾಲಯ ಕಟ್ಟಿದರು. ಊರಿಗೆ ಊರೇ ಅವರನ್ನು ತಾತಯ್ಯ ಎಂದು ಕರೆಯಿತು.

ಇದೇ ಮೇಷ್ಟ್ರು ಪತ್ರಕರ್ತರೂ ಆಗಿದ್ದರು. ವೃತ್ತಾಂತ ಚಿಂತಾಮಣಿಯಂಥ ಪತ್ರಿಕೆಗಳಲ್ಲಿ ಪ್ರಜೆಗಳ ಕಷ್ಟ ಬರೆದರು, ದಿವಾನರ ಆಡಳಿತದ ತಪ್ಪುಗಳನ್ನು ಎತ್ತಿ ತೋರಿಸಿದರು. ಪತ್ರಿಕೆ ಯಾರದೆಂಬುದು ಊರಿಗೆಲ್ಲ ಗೊತ್ತು. ಬರೆದದ್ದು ತಪ್ಪೆನಿಸಿದರೆ ಯಾರು ಬೇಕಾದರೂ ನೇರವಾಗಿ ಹೋಗಿ ಮೇಷ್ಟ್ರನ್ನು ಕೇಳಬಹುದಿತ್ತು.

1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಪತ್ರಿಕಾ ಕಾಯಿದೆ ತಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ. ಕೊಟ್ಟ ಅಪ್ಪಣೆಯನ್ನು ಸರ್ಕಾರ ಹಿಂದಕ್ಕೂ ಪಡೆಯಬಹುದು. ಪತ್ರಿಕೆಗಳು ಹದ ಮೀರುತ್ತಿವೆ ಎಂಬುದು ಸರ್ಕಾರದ ವಾದ. ತಾತಯ್ಯನವರು ಅಪ್ಪಣೆ ಪಡೆದು ಬರೆಯಲು ಒಪ್ಪಲಿಲ್ಲ. ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಮುಂದೆ ಸಾಧ್ವಿ, ಸಂಪದಭ್ಯುದಯದಂಥ ಪತ್ರಿಕೆಗಳ ಮೂಲಕ ಮತ್ತೆ ಬರವಣಿಗೆಗೆ ಬಂದರು. 1933ರಲ್ಲಿ ತೀರಿಕೊಂಡರು.

ಹಾಗಾದರೆ ಯಾರು ಏನು ಬೇಕಾದರೂ ಬರೆಯಬಹುದೇ ಎಂದು ಒಬ್ಬ ಹುಡುಗ ಕೇಳಿದ. ಮಕ್ಕಳಿಗೆ ಹತ್ತಿರದ ಬರ್ಕ್ಲಿಯ ಕಥೆ ಹೇಳಿದೆ. 1964ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆವರಣದಲ್ಲಿ ರಾಜಕೀಯ ಮಾತಾಡುವ ಹಕ್ಕಿಗಾಗಿ ಹೋರಾಡಿದರು. ಕೊನೆಗೆ ಅಧ್ಯಾಪಕರ ಸಭೆ ಅವರ ಪರ ನಿಂತಿತು. ಎಲ್ಲಿ, ಯಾವಾಗ, ಹೇಗೆ ಮಾತಾಡಬೇಕು ಎಂಬುದಕ್ಕೆ ನಿಯಮವಿರಲಿ, ಏನು ಮಾತಾಡಬೇಕು ಎಂಬುದಕ್ಕೆ ಬೇಡ ಎಂದು ತೀರ್ಮಾನಿಸಿತು. ಇನ್ನೊಬ್ಬರ ಹೆಸರು ಕೆಡಿಸುವ ಸುಳ್ಳಿಗೆ ಆಮೇಲೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಗುತ್ತದೆ. ಅದು ಬೇರೆ ಮಾತು. ಬರೆಯುವ ಮೊದಲೇ ಬಾಯಿ ಕಟ್ಟುವುದನ್ನು ತಾತಯ್ಯನವರು ವಿರೋಧಿಸಿದರು. ಬರೆದ ಮೇಲೆ ಹೊಣೆ ಹೊರುವುದರಿಂದ ಅವರು ತಪ್ಪಿಸಿಕೊಳ್ಳಲಿಲ್ಲ. ನಾನು ಮಾಡಿದ್ದು ಅದಕ್ಕೆ ತದ್ವಿರುದ್ಧ. ನನ್ನನ್ನು ಯಾರೂ ತಡೆಯಲಿಲ್ಲ, ನಾನು ಯಾವ ಹೊಣೆಯನ್ನೂ ಹೊರಲಿಲ್ಲ.

ಪಾಠ ಮುಗಿದ ಮೇಲೆ ಮಕ್ಕಳಿಗೆ ಎರಡು ಪುಟದ ಪತ್ರಿಕೆ ಮಾಡಲು ಹೇಳಿದೆ. ಆ ಹುಡುಗಿ ಬಂದು, ಅಂಗಡಿಯ ಸುದ್ದಿ ಬರೆಯಲು ನಿಮ್ಮ ಅನುಮತಿ ಇದೆಯೇ ಎಂದು ಕೇಳಿದಳು. ಒಂದು ಕ್ಷಣ ನಾನೇ ದಿವಾನಳಾಗಿ ಕೂತಿದ್ದೆ. ಬೇಡ ಎನ್ನುವ ಆಸೆ ನಿಜವಾಗಿಯೂ ಆಯಿತು. ಅನುಮತಿ ಕೊಡುವುದು ನನ್ನ ಕೆಲಸವಲ್ಲ, ನಿಜವೋ ಅಲ್ಲವೋ ನೋಡಿಕೋ, ಕೆಳಗೆ ನಿನ್ನ ಹೆಸರು ಹಾಕು ಎಂದೆ.

ಅವಳು ಅಪ್ಪನನ್ನು ಕೇಳಿದಳು, ಇಬ್ಬರು ಪೋಷಕರನ್ನು ಕೇಳಿದಳು. ಕೊನೆಗೆ ಪೆನ್ಸಿಲ್ ಹಿಡಿದು ನನ್ನ ಹತ್ತಿರವೂ ಬಂದು, ನಿಮ್ಮ ಕಡೆಯ ಮಾತೇನು ಎಂದಳು. ಹೇಳಿದೆ. ಅದನ್ನೂ ಹಾಗೆಯೇ ಬರೆದಳು. ಆ ಸಂಜೆ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. ಪೋಷಕರ ಗುಂಪಿನಲ್ಲೂ ನನ್ನ ತಪ್ಪನ್ನು ಬರೆದು ತಿದ್ದಿದೆ.

ಮಕ್ಕಳ ಆ ಪತ್ರಿಕೆಯನ್ನು ಇಂದು ಸಭಾಂಗಣದ ಬಾಗಿಲ ಬಳಿ ಇಟ್ಟಿದ್ದೇವೆ. ಪೋಷಕರು ದಯವಿಟ್ಟು ಒಂದೊಂದು ಪ್ರತಿ ತೆಗೆದುಕೊಳ್ಳಿ. ಅಂಗಡಿಯ ಸುದ್ದಿ ಮೊದಲ ಪುಟದಲ್ಲೇ ಇದೆ.