ಹಿಮದ ಮೇಲೆ ಟಪಾಲು: ಸ್ನೋಶೂ ಥಾಂಪ್ಸನ್

ಚಳಿಗಾಲದ ರಜೆ ಬಂತೆಂದರೆ ನಮ್ಮಲ್ಲಿ ಅರ್ಧ ಜನ ತಾಹೋ ಸರೋವರದ ಕಡೆ ಹೊರಡುತ್ತೇವೆ. 50ನೇ ಹೆದ್ದಾರಿಯಲ್ಲಿ ಪ್ಲಾಸರ್‌ವಿಲ್ ದಾಟಿ, ಟೈರಿಗೆ ಚೈನ್ ಹಾಕಿಕೊಂಡು ಎಕೋ ಸಮ್ಮಿಟ್ ಹತ್ತಿದರೆ ಕಷ್ಟವೆಲ್ಲ ಮುಗೀತು. ಹೆಚ್ಚುಕಮ್ಮಿ ಇದೇ ದಾರಿಯಲ್ಲಿ, ದಾರಿಯೇ ಕಾಣದ ಹಿಮದ ಮೇಲೆ, ಬೆನ್ನಿಗೆ ಅಂಚೆ ಚೀಲ ಕಟ್ಟಿಕೊಂಡು ಓಡಾಡಿದವನು ಜಾನ್ ಥಾಂಪ್ಸನ್. ಕ್ಯಾಲಿಫೋರ್ನಿಯಾ, ನೆವಾಡಾದ ಜನರ ಬಾಯಲ್ಲಿ ಅವನು ಸ್ನೋಶೂ ಥಾಂಪ್ಸನ್.

ಹುಟ್ಟಿದ್ದು 1827ರಲ್ಲಿ, ನಾರ್ವೆಯ ಟೆಲೆಮಾರ್ಕ್ ಸೀಮೆಯಲ್ಲಿ. ಆಗಿನ ಹೆಸರು ಯೋನ್. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಹತ್ತನೇ ವಯಸ್ಸಿಗೆ ತಾಯಿಯ ಜೊತೆ ಅಮೆರಿಕಕ್ಕೆ ಬಂದ. ಇಲಿನಾಯ್, ಮಿಸ್ಸೂರಿ, ಅಯೋವಾ ಅಂತ ಅಲೆದು, 1851ರಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾ ಸೇರಿದ. ಚಿನ್ನ ಸಿಕ್ಕಿದ್ದು ಅಷ್ಟಕ್ಕಷ್ಟೆ. ಕೊನೆಗೆ ಪ್ಯೂಟಾ ಕ್ರೀಕ್ ಬಳಿ ಬೇಸಾಯಕ್ಕೆ ಇಳಿದ.

ಆಗ ಸಿಯೆರಾ ನೆವಾಡಾದ ಆಚೆಬದಿಯ ಕಾರ್ಸನ್ ಕಣಿವೆಗೆ ಚಳಿಗಾಲದಲ್ಲಿ ಪತ್ರವೇ ಹೋಗುತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದಷ್ಟೇ ಇದೇ ಪರ್ವತದಲ್ಲಿ, ಇನ್ನೂ ಉತ್ತರಕ್ಕೆ, ಹಿಮದಲ್ಲಿ ಸಿಕ್ಕಿಬಿದ್ದ ಡಾನರ್ ತಂಡದಲ್ಲಿ ಹತ್ತಿರಹತ್ತಿರ ಅರ್ಧ ಜನ ಸತ್ತಿದ್ದರು. ಯಾರಿಗೆ ತಾನೇ ಧೈರ್ಯ ಬಂದೀತು? ಅಂಚೆಯವನು ಬೇಕಾಗಿದ್ದಾನೆ ಅನ್ನೋದು ಕಿವಿಗೆ ಬಿದ್ದಾಗ ಥಾಂಪ್ಸನ್ನಿಗೆ ನೆನಪಾದದ್ದು ಬಾಲ್ಯದ ಹಿಮಹಲಗೆಗಳು. ಓಕ್ ಮರದಲ್ಲಿ ಹತ್ತು ಅಡಿ ಉದ್ದದ ಜೋಡಿ ಮಾಡಿದ. ತೂಕ ಸುಮಾರು 11 ಕಿಲೋ. ನಿಜಕ್ಕೂ ಅವು ಸ್ಕೀಗಳು. ಅಲ್ಲಿನವರಿಗೆ ಸ್ಕೀ ಅಂದರೇನೆಂದು ಗೊತ್ತಿರಲಿಲ್ಲ, ಸ್ನೋಶೂ ಅಂದರು, ಆ ಹೆಸರೇ ನಿಂತಿತು. 1856ರ ಜನವರಿಯಲ್ಲಿ ಪ್ಲಾಸರ್‌ವಿಲ್‌ನಿಂದ ಹೊರಟ. ಆಚೆಯ ಜನೋವಾ ಊರಿಗೆ 90 ಮೈಲಿ. ಹೋಗಲು ಮೂರು ದಿನ. ಪ್ಲಾಸರ್‌ವಿಲ್ ತಗ್ಗಿನಲ್ಲಿರುವುದರಿಂದ ಬರಲು ಎರಡೇ ದಿನ.

ಊರಲ್ಲಿ ಹಿಮವನ್ನೇ ಕಾಣದ ನಮಗೆ ಬಿಳಿಯಾಗಿದ್ದದ್ದೆಲ್ಲ ಒಂದೇ ಅನ್ನಿಸುತ್ತೆ. ಸಿಯೆರಾದಲ್ಲಿ ಹಾಗಲ್ಲ. ಪೆಸಿಫಿಕ್ ಸಾಗರದಿಂದ ಬರುವ ಮೋಡ ಸುರಿಸುವ ಹಿಮ ಒದ್ದೆ, ಭಾರ. ಸಿಯೆರಾ ಸಿಮೆಂಟ್ ಅಂತಲೇ ಅದಕ್ಕೆ ಹೆಸರು. ರಾತ್ರಿಯ ಚಳಿಗೆ ಮೇಲ್ಪದರ ಗಟ್ಟಿಕಟ್ಟುತ್ತೆ, ಬೆಳಗಿನ ಜಾವ ಅದರ ಮೇಲೆ ಸಲೀಸಾಗಿ ನಡೀಬಹುದು. ಬಿಸಿಲೇರಿದ ಮೇಲೆ ಅದೇ ಜಾಗದಲ್ಲಿ ಕಾಲಿಟ್ಟರೆ ತೊಡೆವರೆಗೂ ಹೂತುಹೋಗುತ್ತೆ. ಬೆಳಗ್ಗೆ ಬೇಗ ಮುಗಿದ ದಾರಿ ಮಧ್ಯಾಹ್ನ ವಾಪಸಾಗುವಾಗ ಮುಗಿಯದೇ ಇರೋದು ಇದಕ್ಕೇ. ಉದ್ದದ ಹಲಗೆ ಮೈಭಾರವನ್ನು ಹರಡಿ ಮೇಲೆ ಉಳಿಸುತ್ತೆ ನಿಜ, ಆದರೆ ಮೆತ್ತಗಾದ ಹಿಮ ಹಲಗೆಯ ಅಡಿಗೂ ಉಂಡೆ ಕಟ್ಟಿ ಅಂಟುತ್ತೆ. ಇದನ್ನೆಲ್ಲ ಓದಿ ತಿಳಿಯೋದು ಬೇರೆ, 30-40 ಕಿಲೋ ಹೊತ್ತು ತಿಳಿಯೋದು ಬೇರೆ.

ಚೀಲದ ಭಾರ ಅಷ್ಟಿದ್ದುದರಿಂದ ಅವನು ಕಂಬಳಿಯನ್ನೂ ಒಯ್ಯುತ್ತಿರಲಿಲ್ಲ. (ಇದೊಂದನ್ನು ಮಾತ್ರ ಯಾರೂ ಅನುಕರಿಸಬೇಡಿ!) ಒಣಮಾಂಸ, ಬಿಸ್ಕತ್ತು, ಬೆಂಕಿಕಡ್ಡಿ, ಅಷ್ಟೆ. ಹಿಮದ ಪ್ರತಿಫಲನಕ್ಕೆ ಕಣ್ಣು ಕುರುಡಾಗದಿರಲೆಂದು ಮುಖಕ್ಕೆ ಇದ್ದಿಲು ಬಳಿದುಕೊಳ್ಳುತ್ತಿದ್ದ. ರಾತ್ರಿಯಾದರೆ ಒಣಗಿ ನಿಂತ ಪೈನ್ ಮರದ ಮೋಟಿಗೆ ಬೆಂಕಿ ಹಚ್ಚಿ, ಸೊಪ್ಪಿನ ರೆಂಬೆ ಹಾಸಿಕೊಂಡು ಮಲಗುವುದು. ಬಿರುಗಾಳಿಗೆ ಮುಂದೆ ಹೋಗಲಾಗದಿದ್ದರೆ ಬಂಡೆಯೊಂದರ ಮೇಲೆ ತನ್ನ ನಾಡಿನ ಕುಣಿತ ಕುಣಿಯುತ್ತಾ ಮೈ ಬಿಸಿ ಉಳಿಸಿಕೊಳ್ಳುತ್ತಿದ್ದನಂತೆ. ದಿಕ್ಕಿಗೆ ನಕ್ಷತ್ರ, ತೊರೆ, ಮರ, ಗಾಳಿ.

ನಮ್ಮ ಕಣ್ಣಿಗೆ ಟಪಾಲಿಗಿಂತ ದೊಡ್ಡದು 1856ರ ಡಿಸೆಂಬರ್‌ನಲ್ಲಿ ನಡೆದದ್ದು. ತಾಹೋ ದಕ್ಷಿಣದ ಲೇಕ್ ವ್ಯಾಲಿಯ ಗುಡಿಸಲೊಂದರಲ್ಲಿ ಜೇಮ್ಸ್ ಸಿಸನ್ ಎಂಬವನು ಹನ್ನೆರಡು ದಿನದಿಂದ ಬಿದ್ದಿದ್ದ. ಕಾಲುಗಳು ಹೆಪ್ಪುಗಟ್ಟಿ ಸತ್ತಿದ್ದವು. ಥಾಂಪ್ಸನ್ ಅವನನ್ನು ಕಂಡು, ಜನೋವಾಕ್ಕೆ ಹೋಗಿ ಆಳುಗಳನ್ನೂ ಜಾರುಬಂಡಿಯನ್ನೂ ಕರೆತಂದು, ಎಳೆಸಿಕೊಂಡು ಹೋದ. ಕಾಲು ಕತ್ತರಿಸಬೇಕು, ಅದಕ್ಕೆ ಕ್ಲೋರೋಫಾರ್ಮ್ ಬೇಕು, ಅದು ಊರಲ್ಲಿಲ್ಲ. ಸರಿ, ಮತ್ತೆ ಪರ್ವತ ದಾಟಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಔಷಧಿ ತಂದ. ಸಿಸನ್ ಬದುಕಿದ.

ಇನ್ನು ಸಂಬಳದ ಮಾತು. ಹಲವು ಚಳಿಗಾಲ ದುಡಿದರೂ ಅಂಚೆ ಕೆಲಸಕ್ಕೆ ಸರ್ಕಾರದಿಂದ ಅವನಿಗೆ ಬಿಡಿಗಾಸೂ ಬರಲಿಲ್ಲ. ಸರಿಯಾದ ಕರಾರು ಪತ್ರ ಇರಲಿಲ್ಲ. ಕೊಡುತ್ತಾರೆ ಅಂತ ನಂಬಿದ್ದ. ಪರದೇಶಕ್ಕೆ ಬಂದವರು ಕಾಗದಪತ್ರಕ್ಕೆ ಯಾಕೆ ಇಷ್ಟು ಹೆದರುತ್ತಾರೆ ಅಂತ ಕೇಳುವವರಿಗೆ ಈ ಕಥೆ ಹೇಳಬಹುದು. 1869ರಲ್ಲಿ ಅವನಿಗೆ 6000 ಡಾಲರ್ ಕೊಡಬೇಕೆಂದು ನೆವಾಡಾ ಶಾಸನಸಭೆ ಕಾಂಗ್ರೆಸ್ಸನ್ನು ಕೇಳಿಕೊಂಡಿತು. ಆಮೇಲೆ ಅವನೇ ವಾಷಿಂಗ್ಟನ್‌ಗೆ ರೈಲು ಹತ್ತಿದ. ವಯೋಮಿಂಗ್‌ನಲ್ಲಿ ಆ ರೈಲು ಹಿಮದಲ್ಲಿ ಹೂತು ನಿಂತಿತು! ಥಾಂಪ್ಸನ್ ಇಳಿದು ಲಾರಮಿಗೆ, ಅಲ್ಲಿಂದ ಶೈಯನ್‌ಗೆ ನಡೆದೇ ಹೋಗಿ ಮುಂದಿನ ರೈಲು ಹಿಡಿದ. ರಾಜಧಾನಿಯಲ್ಲಿ ಸಿಕ್ಕಿದ್ದು ಭರವಸೆ ಮಾತ್ರ.

ಅಷ್ಟರಲ್ಲಿ ಡೈಮಂಡ್ ವ್ಯಾಲಿಯಲ್ಲಿ ಹೊಲ ಮಾಡಿಕೊಂಡಿದ್ದ, 1866ರಲ್ಲಿ ಆಗ್ನೆಸ್ ಎಂಬಾಕೆಯನ್ನು ಮದುವೆಯಾಗಿದ್ದ. 1876ರ ವಸಂತದಲ್ಲಿ ಕಾಯಿಲೆ ಬಿದ್ದರೂ, ನಿಲ್ಲಲು ತ್ರಾಣವಿಲ್ಲದೆ ಕುದುರೆಯ ಮೇಲೆ ಕೂತು ಬಿತ್ತನೆ ಮಾಡಿದನೆನ್ನುತ್ತಾರೆ. ಮೇ 15ರಂದು ತೀರಿಕೊಂಡ. ಆಗಿನ್ನೂ 49 ವರ್ಷ. ಜನೋವಾದ ಸ್ಮಶಾನದಲ್ಲಿ ಅವನ ಕಲ್ಲಿನ ಮೇಲೆ ಅಡ್ಡಹಾಕಿದ ಒಂದು ಜೊತೆ ಸ್ಕೀ ಕೆತ್ತಿದೆ. ಎರಡು ವರ್ಷದ ನಂತರ ಹೋದ ಮಗ ಆರ್ಥರ್ ಪಕ್ಕದಲ್ಲೇ ಇದ್ದಾನೆ.