ರಾಬಿನ್ ಹಕ್ಕಿಗಳ ಸಾವಿಗೆ ಕಾರಣ ಹುಡುಕಿದ ರೇಚೆಲ್ ಕಾರ್ಸನ್

ಹೊಲಕ್ಕೆ ಔಷಧಿ ಹೊಡೆಯುವುದನ್ನು ನೀವು ನೋಡಿರುತ್ತೀರಿ. ಹಳ್ಳಿಗಳಲ್ಲಿ ಕೀಟನಾಶಕವನ್ನು ಔಷಧಿ ಎಂದೇ ಕರೆಯುವುದು ರೂಢಿ. ನಿಜ ಹೇಳಬೇಕೆಂದರೆ ಅದು ವಿಷ. ಹುಳುವನ್ನು ಕೊಂದ ಮೇಲೆ ಆ ವಿಷ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಜಗತ್ತೇ ಕೇಳುವಂತೆ ಮಾಡಿದವರು ಅಮೆರಿಕದ ಜೀವವಿಜ್ಞಾನಿ ರೇಚೆಲ್ ಕಾರ್ಸನ್.

ರೇಚೆಲ್ ಹುಟ್ಟಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ. ತಾಯಿ ಮರಿಯಾ ಮದುವೆಗೆ ಮುಂಚೆ ಶಾಲಾ ಶಿಕ್ಷಕಿಯಾಗಿದ್ದವರು. ಮಗಳನ್ನು ಕರೆದುಕೊಂಡು ತೋಟ, ಕಾಡು ಸುತ್ತುತ್ತಿದ್ದರು. ಹಕ್ಕಿಗಳನ್ನೂ ಹುಳುಗಳನ್ನೂ ತೋರಿಸುತ್ತಿದ್ದರು. ಬಾಲಕಿಗೆ ಬರೆಯುವ ಹುಚ್ಚೂ ಇತ್ತು. ಹನ್ನೊಂದನೆಯ ವಯಸ್ಸಿಗೇ ಅವಳ ಕಥೆ ಮಕ್ಕಳ ಪತ್ರಿಕೆಯೊಂದರಲ್ಲಿ ಅಚ್ಚಾಯಿತು! ಲೇಖಕಿಯಾಗಬೇಕೆಂದೇ ಕಾಲೇಜಿಗೆ ಸೇರಿದಳು. ಆದರೆ ಅಲ್ಲಿ ಜೀವವಿಜ್ಞಾನದ ಪಾಠ ಎಷ್ಟು ಹಿಡಿಸಿತೆಂದರೆ ಸಾಹಿತ್ಯ ಬಿಟ್ಟು ವಿಜ್ಞಾನವನ್ನೇ ಆರಿಸಿಕೊಂಡಳು. ಸಾಹಿತ್ಯ ಬಿಟ್ಟದ್ದು ತರಗತಿಯಲ್ಲಿ ಮಾತ್ರ. ಬರವಣಿಗೆ ಅವರ ಕೈಬಿಡಲೇ ಇಲ್ಲ.

1932ರಲ್ಲಿ ರೇಚೆಲ್ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಮೂರು ವರ್ಷದಲ್ಲಿ ತಂದೆ ತೀರಿಕೊಂಡರು. ಆಮೇಲೆ ಅಕ್ಕನೂ ತೀರಿಕೊಂಡರು. ತಾಯಿಯ ಜೊತೆಗೆ ಅಕ್ಕನ ಇಬ್ಬರು ಹೆಣ್ಣುಮಕ್ಕಳ ಹೊಣೆಯೂ ಇವರ ಮೇಲೆ ಬಿತ್ತು. 1936ರಲ್ಲಿ ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಹಗಲು ಕಚೇರಿ, ರಾತ್ರಿ ಬರವಣಿಗೆ. 1951ರಲ್ಲಿ ಸಮುದ್ರದ ಬಗ್ಗೆ ಅವರು ಬರೆದ ಪುಸ್ತಕ ಎಷ್ಟು ಮಾರಾಟವಾಯಿತೆಂದರೆ ಮರುವರ್ಷ ನೌಕರಿ ಬಿಟ್ಟು ಪೂರ್ಣಾವಧಿ ಲೇಖಕಿಯಾದರು.

ಅದು ಡಿ.ಡಿ.ಟಿ.ಯ ಕಾಲ. ಈ ರಾಸಾಯನಿಕ ಕೀಟಗಳನ್ನು ಕೊಲ್ಲುತ್ತದೆಂದು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದಿದ್ದರು. ಅದಕ್ಕಾಗಿ 1948ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಎರಡನೆಯ ಮಹಾಯುದ್ಧದಲ್ಲಿ ಹೇನು, ಸೊಳ್ಳೆಗಳಿಂದ ಹರಡುವ ರೋಗಗಳನ್ನು ತಡೆದು ಅದು ಲಕ್ಷಾಂತರ ಜೀವ ಉಳಿಸಿತ್ತು. ಇದನ್ನು ಮರೆಯುವಂತಿಲ್ಲ. ಆದರೆ ಯುದ್ಧ ಮುಗಿದ ಮೇಲೆ ಹೊಲ, ಕಾಡು, ಕೆರೆ, ಬೀದಿ ಎನ್ನದೆ ಎಲ್ಲ ಕಡೆಯೂ ಅದನ್ನು ಸುರಿಯತೊಡಗಿದರು. ವಿಮಾನದಿಂದಲೂ ಸಿಂಪಡಿಸಿದರು!

1958ರ ಆರಂಭದಲ್ಲಿ ರೇಚೆಲ್ ಅವರಿಗೆ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದ್ದ ಗೆಳತಿಯಿಂದ ಪತ್ರ ಬಂತು. ಸೊಳ್ಳೆ ಕೊಲ್ಲಲೆಂದು ವಿಮಾನ ಡಿ.ಡಿ.ಟಿ. ಸುರಿಸಿ ಹೋದ ಮೇಲೆ ಅವರ ಮನೆಯಂಗಳದಲ್ಲಿ ಹಾಡುಹಕ್ಕಿಗಳು ಸತ್ತು ಬಿದ್ದಿದ್ದವು. ರೇಚೆಲ್ ವಿಷಯ ಸಂಗ್ರಹಿಸಲು ಕುಳಿತರು. ವಿಜ್ಞಾನಿಗಳಿಗೆ ಪತ್ರ ಬರೆದರು, ಸಂಶೋಧನಾ ವರದಿಗಳನ್ನು ತರಿಸಿ ಓದಿದರು. ನಾಲ್ಕು ವರ್ಷ ಇದೇ ಕೆಲಸ.

ಅವರಿಗೆ ಸಿಕ್ಕ ಸಂಗತಿಗಳಲ್ಲಿ ಎಲ್ಮ್ ಮರದ ಕಥೆಯನ್ನು ನೀವು ತಿಳಿಯಲೇಬೇಕು. ಅಮೆರಿಕದ ಬೀದಿಗಳ ಎರಡೂ ಬದಿಗೆ ನೆರಳು ಕೊಡುವ ಎಲ್ಮ್ ಮರಗಳಿದ್ದವು. 1930ರ ಸುಮಾರಿಗೆ ಯುರೋಪಿನಿಂದ ಹಡಗಿನಲ್ಲಿ ಬಂದ ಮರದ ದಿಮ್ಮಿಗಳೊಂದಿಗೆ ಒಂದು ಶಿಲೀಂಧ್ರ, ಅಂದರೆ ಬೂಸ್ಟಿನ ಜಾತಿಯ ಜೀವಿ, ಸದ್ದಿಲ್ಲದೆ ಬಂದಿಳಿಯಿತು. ತೊಗಟೆ ಕೊರೆಯುವ ಜೀರುಂಡೆಗಳು ಅದನ್ನು ಮರದಿಂದ ಮರಕ್ಕೆ ಹೊತ್ತು ಹರಡಿದವು. ನೀರು ಏರುವ ನಾಳಗಳು ಕಟ್ಟಿಕೊಂಡು ಮರಗಳು ಒಣಗತೊಡಗಿದವು. ಹೀಗೆ ಬೇರೆ ನಾಡಿನಿಂದ ಬಂದು ಹಬ್ಬಿ ಹಾನಿ ಮಾಡುವ ಜೀವಿಗಳನ್ನು ಆಕ್ರಮಣಕಾರಿ ಜೀವಿಗಳು ಎನ್ನುತ್ತಾರೆ.

ಜೀರುಂಡೆ ಕೊಂದರೆ ಮರ ಉಳಿಯುತ್ತದೆ ಎಂದು ಜನ ಎಲ್ಮ್ ಮರಗಳಿಗೆ ಡಿ.ಡಿ.ಟಿ. ಹೊಡೆದರು. ಮಿಚಿಗನ್ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ 1954ರಲ್ಲಿ ಈ ಕೆಲಸ ಆರಂಭವಾಯಿತು. ಮರುವರ್ಷ ವಸಂತದಲ್ಲಿ ರಾಬಿನ್ ಹಕ್ಕಿಗಳು ಎಂದಿನಂತೆ ವಲಸೆಯಿಂದ ಮರಳಿದವು. ಕೆಲವೇ ದಿನಗಳಲ್ಲಿ ಒಂದೊಂದಾಗಿ ನಡುಗಿ, ಒದ್ದಾಡಿ ಸಾಯತೊಡಗಿದವು. ಪಕ್ಷಿತಜ್ಞ ಜಾರ್ಜ್ ವ್ಯಾಲೇಸ್ ಅವರಿಗೆ ಇದೊಂದು ಒಗಟಾಯಿತು. ವಿಷ ಹೊಡೆದಾಗ ಆ ಹಕ್ಕಿಗಳು ಊರಲ್ಲೇ ಇರಲಿಲ್ಲವಲ್ಲ!

ಉತ್ತರ ಮಣ್ಣಿನೊಳಗಿತ್ತು. ಡಿ.ಡಿ.ಟಿ. ಬೇಗ ಕರಗಿ ಹೋಗುವ ವಸ್ತುವಲ್ಲ. ಅದು ಎಲೆಗಳಿಗೆ ಅಂಟಿಕೊಂಡಿತ್ತು. ಎಲೆಗಳು ಉದುರಿದವು. ಉದುರಿದ ಎಲೆಗಳನ್ನು ಎರೆಹುಳುಗಳು ತಿಂದವು. ಹಲವು ಎರೆಹುಳುಗಳು ಸಾಯಲಿಲ್ಲ, ಬದಲಿಗೆ ವಿಷ ಅವುಗಳ ಮೈಯಲ್ಲಿ ಶೇಖರವಾಯಿತು. ರಾಬಿನ್‌ಗೆ ಎರೆಹುಳು ಎಂದರೆ ಬಲು ಇಷ್ಟ. ಅಂಥ ಹನ್ನೊಂದು ದೊಡ್ಡ ಎರೆಹುಳುಗಳಲ್ಲಿರುವ ವಿಷ ಒಂದು ರಾಬಿನ್ ಸಾಯಲು ಸಾಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಹನ್ನೊಂದು ಹುಳು ಅದಕ್ಕೆ ಒಂದು ದಿನದ ಊಟವೂ ಅಲ್ಲ. ನೀವು ಪಾಠದಲ್ಲಿ ಓದುವ ಆಹಾರ ಸರಪಳಿಯಲ್ಲೇ ವಿಷವೂ ಕೊಂಡಿಯಿಂದ ಕೊಂಡಿಗೆ ಸಾಗಿತ್ತು. ಇಷ್ಟಾಗಿಯೂ ಮರಗಳು ಉಳಿದವೇ? ಇಲ್ಲ. ವಿಷ ಹೊಡೆದ ಊರುಗಳಲ್ಲೂ ಎಲ್ಮ್ ಮರಗಳು ಸತ್ತವು. ರೋಗ ಬಂದ ಮರವನ್ನು ತಡಮಾಡದೆ ಕಡಿದು ಸುಟ್ಟ ಕಡೆಗಳಲ್ಲೇ ಹೆಚ್ಚು ಮರಗಳು ಉಳಿದಿದ್ದವು.

ಬೆಂಕಿ ಇರುವೆಯ ಕಥೆಯೂ ಇಂಥದ್ದೇ. ಅದು ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಮೊಬೈಲ್ ಎಂಬ ಬಂದರಿಗೆ ಬಂದ ಇರುವೆ. ಕಡಿದರೆ ಬೆಂಕಿ ತಗುಲಿದಂತೆ ಉರಿ. 1950ರ ದಶಕದ ಕೊನೆಯಲ್ಲಿ ಅದನ್ನು ಬೇರುಸಹಿತ ಕಿತ್ತೊಗೆಯುತ್ತೇವೆಂದು ಸರ್ಕಾರ ಹೊರಟಿತು. ಡಿ.ಡಿ.ಟಿ.ಗಿಂತಲೂ ಎಷ್ಟೋ ಪಟ್ಟು ಘೋರವಾದ ವಿಷಗಳನ್ನು ಲಕ್ಷಾಂತರ ಎಕರೆಗೆ ಸುರಿದರು. ಕಾಡುಪ್ರಾಣಿಗಳು ಸತ್ತವು, ನೆಲದಲ್ಲಿ ಮೇಯುವ ಹಕ್ಕಿಗಳು ಸತ್ತವು. ಅಲ್ಲಿನ ಮೂಲ ಇರುವೆಗಳೂ ಸತ್ತು ಜಾಗ ಖಾಲಿಯಾಯಿತು. ಆ ಖಾಲಿ ಜಾಗಕ್ಕೆ ಎಲ್ಲರಿಗಿಂತ ಮೊದಲು ನುಗ್ಗಿದ್ದು ಯಾರು ಗೊತ್ತೇ? ಅದೇ ಬೆಂಕಿ ಇರುವೆ! ಇಂದಿಗೂ ಅದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಾಯಾಗಿದೆ.

ಇದನ್ನೆಲ್ಲ ಸೇರಿಸಿ ರೇಚೆಲ್ ಬರೆದ ಪುಸ್ತಕ 'ಸೈಲೆಂಟ್ ಸ್ಪ್ರಿಂಗ್', ಅಂದರೆ ಮೌನ ವಸಂತ. ಹಕ್ಕಿಯೇ ಹಾಡದಿದ್ದರೆ ವಸಂತ ಮೌನವಾಗದೆ ಇನ್ನೇನು? ಅದು 1962ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಕೀಟನಾಶಕ ಕಂಪನಿಗಳು ಕೆರಳಿದವು. ಇವರು ಭಾವುಕ ಹೆಂಗಸು, ವಿಜ್ಞಾನ ತಿಳಿಯದವರು ಎಂದು ಹೀಯಾಳಿಸಿದರು. ಕೀಟನಾಶಕವೇ ಬೇಡ ಎನ್ನುತ್ತಾರೆ ಎಂದೂ ದೂರಿದರು. ರೇಚೆಲ್ ಹಾಗೆ ಹೇಳಿರಲಿಲ್ಲ. ಪರಿಣಾಮ ತಿಳಿಯದೆ, ಜನರಿಗೆ ತಿಳಿಸದೆ, ಎಲ್ಲ ಕಡೆ ಸುರಿಯಬೇಡಿ ಎಂಬುದಷ್ಟೇ ಅವರ ವಾದ. ಹೀಗೆಯೇ ಸುರಿಯುತ್ತಿದ್ದರೆ ವಿಷಕ್ಕೆ ಜಗ್ಗದ ಸೊಳ್ಳೆಗಳೇ ಉಳಿದು, ಕೊನೆಗೆ ಮಲೇರಿಯಾ ತಡೆಯಲೂ ಅದು ಉಪಯೋಗಕ್ಕೆ ಬಾರದು ಎಂದೂ ಅವರು ಎಚ್ಚರಿಸಿದ್ದರು.

ಬೈಯುವವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. 1960ರಲ್ಲೇ ರೇಚೆಲ್ ಅವರಿಗೆ ಕ್ಯಾನ್ಸರ್ ಇರುವುದು ತಿಳಿದಿತ್ತು. ಪುಸ್ತಕದ ದೊಡ್ಡ ಭಾಗವನ್ನು ಅವರು ಬರೆದದ್ದು ಆ ನೋವಿನಲ್ಲಿ. ಅದೂ ಸಾಲದೆಂಬಂತೆ, ತೀರಿಕೊಂಡ ಅಕ್ಕನ ಮಗಳ ಐದು ವರ್ಷದ ಗಂಡುಮಗುವನ್ನು 1957ರಿಂದ ಅವರೇ ಸಾಕುತ್ತಿದ್ದರು. ತಮ್ಮ ರೋಗದ ವಿಷಯವನ್ನು ಅವರು ಹೊರಗೆ ಹೇಳಲಿಲ್ಲ. ಹೇಳಿದ್ದರೆ, ಸ್ವಂತ ನೋವಿನಿಂದ ಹೀಗೆಲ್ಲ ಬರೆದಿದ್ದಾರೆ ಎನ್ನುತ್ತಿದ್ದರೇನೋ. ಅಧ್ಯಕ್ಷ ಕೆನಡಿ ಅವರು ವಿಜ್ಞಾನಿಗಳ ಸಮಿತಿಯಿಂದ ವಿಚಾರಣೆ ಮಾಡಿಸಿದರು. 1963ರ ಮೇ ತಿಂಗಳಲ್ಲಿ ಬಂದ ವರದಿ ರೇಚೆಲ್ ಅವರ ಎಚ್ಚರಿಕೆಯನ್ನು ಎತ್ತಿ ಹಿಡಿಯಿತು. ಮರುವರ್ಷ ಏಪ್ರಿಲ್ 14ರಂದು ಅವರು ತೀರಿಕೊಂಡರು. ಆಗ ಅವರಿಗೆ 56 ವರ್ಷ.

1972ರಲ್ಲಿ ಅಮೆರಿಕ ಬೆಳೆಗಳಿಗೆ ಡಿ.ಡಿ.ಟಿ. ಬಳಸುವುದನ್ನು ನಿಷೇಧಿಸಿತು. ಆ ದೇಶದ ರಾಷ್ಟ್ರಪಕ್ಷಿಯಾದ ಬಿಳಿತಲೆಯ ಹದ್ದಿಗೂ ಈ ವಿಷ ತಟ್ಟಿತ್ತು. ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವು ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. ಅಲಾಸ್ಕಾ ಬಿಟ್ಟರೆ ಉಳಿದ ಅಮೆರಿಕದಲ್ಲಿ 1963ರಲ್ಲಿ ಗೂಡು ಕಟ್ಟುವ ಹದ್ದಿನ ಜೋಡಿಗಳು 417 ಮಾತ್ರ ಎಣಿಕೆಗೆ ಸಿಕ್ಕಿದ್ದವು. ಆಮೇಲೆ ಹದ್ದುಗಳು ಹೆಚ್ಚುತ್ತ ಹೋಗಿ 2007ರಲ್ಲಿ ಅಪಾಯದ ಪಟ್ಟಿಯಿಂದಲೇ ಹೊರಬಂದವು.

ಹಾಗಾದರೆ ಹೊರಗಿನಿಂದ ಬಂದ ಪೀಡೆಗೆ ಏನು ಮಾಡಬೇಕು? ರೇಚೆಲ್ ತಮ್ಮ ಪುಸ್ತಕದ ಕೊನೆಯಲ್ಲಿ ಬೇರೆ ದಾರಿಗಳನ್ನೂ ತೋರಿಸಿದ್ದರು. ಪೀಡೆಯನ್ನು ಅದರ ತವರಿನಲ್ಲಿ ತಿನ್ನುವ ಶತ್ರುವನ್ನು ಹುಡುಕಿ ತರುವುದು ಅವುಗಳಲ್ಲೊಂದು. ತರುವ ಮುಂಚೆ ಅದು ಬೇರೇನನ್ನು ತಿಂದೀತೆಂದು ಪರೀಕ್ಷೆ ಮಾಡಲೇಬೇಕು, ಇಲ್ಲದಿದ್ದರೆ ಅದೇ ಹೊಸ ಪೀಡೆಯಾದೀತು. ಇಂಥ ಒಂದು ಪ್ರಯತ್ನ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಕಾಂಗ್ರೆಸ್ ಗಿಡ ಅಥವಾ ಪಾರ್ಥೇನಿಯಂ ಅಮೆರಿಕ ಖಂಡದಿಂದ ಬಂದ ಕಳೆ. ಅದರ ಎಲೆ ತಿನ್ನುವ ಪುಟ್ಟ ಜೀರುಂಡೆಯನ್ನು ಮೆಕ್ಸಿಕೋದಿಂದ ತಂದು, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕಳೆಯೇನೂ ಮಾಯವಾಗಲಿಲ್ಲ, ಆದರೆ ಜೀರುಂಡೆ ಇಲ್ಲೇ ನೆಲೆಸಿತು. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆಗಳು ಜಾಲರಿಯಂತೆ ತೂತಾಗಿರುವುದು ಕಂಡರೆ ಹತ್ತಿರ ಹೋಗಿ ನೋಡಿ. ಗಿಡ ಮುಟ್ಟಬೇಡಿ, ಮೈ ತುರಿಸೀತು. ಕೆನೆ ಬಣ್ಣದ ಬೆನ್ನಿನ ಮೇಲೆ ಕಪ್ಪು ಗೆರೆಗಳಿರುವ ಜೀರುಂಡೆ ಎಲೆ ಮೇಯುತ್ತಿದ್ದರೆ, ಅದೇ ಮೆಕ್ಸಿಕೋದಿಂದ ಬಂದ ಅತಿಥಿ.